ನಾಡಿ ಎಪ್ಪತ್ತೆರಡು

ಮೇ 4, 1997

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಅಮ್ಮ ಸ್ವೆಟರಿನ ಗುಂಡಿಗಳನ್ನೆಲ್ಲ ಒಂದೊಂದು ಕಾಜಾ ತಪ್ಪಿಸಿ ಹಾಕಿಕೊಂಡು ಅಡುಗೆಮನೆಗೆ ಬಂದಳು. ಮೇಲೆ ಒಂದು ಕಾಜಾ ಖಾಲಿ, ಕೆಳಗೆ ಒಂದು ಗುಂಡಿ ಅನಾಥ. ಮೂವತ್ತು ವರ್ಷ ಕಂಡವರ ಬಟ್ಟೆಗೆಲ್ಲ ಗುಂಡಿ ಹೊಲಿದ ಟೈಲರಮ್ಮ ಅವಳು. ಬೆರಳು ಮಾಡಿ ತೋರಿಸಿದರೆ, "ಇರ್ಲಿ ಬಿಡೇ, ನಂಗೇನು ಮೆರವಣಿಗೆ ಇದ್ಯಾ?" ಅಂದಳು. ನೀನು ಹೋದ ಹದಿನೈದು ದಿನದಿಂದ ಅವಳ ತಲೆ ನಿನ್ನ ಹಿಂದೆಯೇ ಇದೆ. ಅದಕ್ಕೇ ಇರಬೇಕು.

ನನಗೆ ಕೆಲಸ ಸಿಕ್ಕಿದೆ, ನಗಬೇಡ. ವೀಸಾ ಕಚೇರಿಯ ಎದುರಿನ ಟೈಪಿಂಗ್ ಅಂಗಡಿ, ನಿನ್ನ ಅರ್ಜಿ ಹಾಕಿಸಿದೆವಲ್ಲ, ಅಲ್ಲೇ. ಸಾಹಿತ್ಯ ಓದಿದವಳು ಅಂದಾಗ ಯಜಮಾನರು ಪಾಪ ಅನ್ನುವಂತೆ ನೋಡಿದರು. ಅಕ್ಷರ ದುಂಡಗಿದೆ ಅಂತ ಇಟ್ಟುಕೊಂಡರು. ಇಡೀ ದಿನ ನಿನ್ನಂಥ ನರ್ಸುಗಳ ಅರ್ಜಿ ತುಂಬುತ್ತೇನೆ. ಫೋಟೋದಲ್ಲಿ ಎರಡೂ ಕಿವಿ ಕಾಣಬೇಕಂತೆ. ನಿನ್ನೆ ಒಬ್ಬಳು, "ಕಿವಿ ಕಂಡ್ರೆ ಸಾಕು ಅಂತಾರೆ, ಮುಖ ಹೇಗಿದ್ರೂ ನಡಿಯುತ್ತೆ" ಅಂದಳು. ವೀಸಾ ಸಿಗದವರ ಅರ್ಜಿಯ ಕಟ್ಟೂ ನಮ್ಮ ಅಂಗಡಿಗೇ ವಾಪಸ್ ಬರುತ್ತದೆ, ಎರಡು ತಿಂಗಳು ತಡವಾಗಿ, ಗುಲಾಬಿ ದಾರ ಸುತ್ತಿಕೊಂಡು. ಅದರ ಮೇಲೆ ಹೆಸರು ಬರೆದು ಕಪಾಟಿನಲ್ಲಿ ಇಡುವುದೂ ನನ್ನ ಕೆಲಸ. ಅದನ್ನು ಒಯ್ಯಲು ಬರುವವರ ಮುಖವನ್ನು ನಾನು ನೋಡುವುದಿಲ್ಲ.

ಅಮ್ಮನಿಗೆ ಬರೆಯಲು ಬರುವುದಿಲ್ಲವಲ್ಲ, ಅದಕ್ಕೆ ಈ ಬಟ್ಟೆಯ ತುಂಡು ಇಟ್ಟಿದ್ದಾಳೆ. ನಿನ್ನ ಯೂನಿಫಾರ್ಮಿನಲ್ಲಿ ಮಿಕ್ಕ ಬಿಳಿ ಬಟ್ಟೆ. ನೀಲಿ ದಾರದಲ್ಲಿ ಹನ್ನೆರಡು ಹೊಲಿಗೆ. ಇದೇ ಅವಳ ಸಹಿಯಂತೆ.

ನಿನ್ನ ತಂಗಿ

*

ಮೇ 17, 1997

ಮೂಗಿ,

ನಿನ್ನ ಕಾಗದ ನೋಡಿ ಕುಣಿದೆ. ಬಾಯಿ ಬಿಡದವಳು ಎರಡು ಪುಟ ಬರೆದಿದ್ದೀಯಲ್ಲೇ! ಇಲ್ಲಿ ನಾನೇ ಮೂಗಿ. ಈ ಭಾಷೆಯಲ್ಲಿ ನನಗೆ ಬರುವುದು ನೋವೆಲ್ಲಿ, ನೀರು ಬೇಕಾ, ತಿರುಗಿ ಮಲಗಿ, ಇಷ್ಟೇ. ಏಳನೇ ಹಾಸಿಗೆಯ ಅಜ್ಜ ದಿನಕ್ಕೆ ಐದು ಪದ ಕಲಿಸುತ್ತಾನೆ. ಅದರಲ್ಲಿ ಎರಡು ಬೈಗುಳ ಅಂತ ಆಮೇಲೆ ಗೊತ್ತಾಯಿತು.

ಹಾಸ್ಟೆಲಿನ ಫೋನು ವಾರ್ಡನ್ ಕೋಣೆಯಲ್ಲಿ ಬೀಗದ ಪೆಟ್ಟಿಗೆಯೊಳಗಿದೆ. ಬಸ್ಸಿಗೆ ಹತ್ತೊಂಬತ್ತು ಗಂಟೆಯ ದಾರಿ, ಕಾಗದಕ್ಕೆ ಹನ್ನೆರಡು ದಿನ. ಪಕ್ಕದ ದೇಶ ಅಂತ ಹೆಸರಿಗೆ. ನನ್ನದು ಈಗ ಬರೀ ತಾತ್ಕಾಲಿಕ ವೀಸಾ. ಜುಲೈನಲ್ಲಿ ಪರೀಕ್ಷೆ, ಪಾಸಾದರೆ ಕೆಲಸದ ವೀಸಾದ ಮೊಹರು. ಆ ಮೊಹರು ಬೀಳುವ ಮುಂಚೆ ಗಡಿ ದಾಟಿದರೆ ಫೈಲು ಮುಚ್ಚಿತು, ಐದು ವರ್ಷ ಮತ್ತೆ ಅರ್ಜಿಯೇ ಇಲ್ಲ. ಅಲ್ಲಿಯವರೆಗೆ ಪಾಸ್‌ಪೋರ್ಟೂ ಆಸ್ಪತ್ರೆಯ ಕಪಾಟಿನಲ್ಲಿ.

ಗುಂಡಿಯ ವಿಷಯ ನನಗೆ ಹಿಡಿಸಲಿಲ್ಲ. ನಾನು ಬಿಟ್ಟುಬಂದ ಬಿ.ಪಿ. ಯಂತ್ರ ಮಂಚದ ಕೆಳಗಿದೆ. ವಾರಕ್ಕೊಮ್ಮೆ ಅಮ್ಮನ ನಾಡಿ, ಬಿ.ಪಿ. ಬರೆದಿಡು. ಹೆಬ್ಬೆರಳಿನಿಂದ ಅವಳ ಕಾಲಿನ ಗಂಟಿನ ಹತ್ತಿರ ಒತ್ತಿ ಬಿಡು. ಒತ್ತಿದ ಕಡೆ ಗುಳಿ ಹಾಗೇ ನಿಂತರೆ ಒಳಗೆ ನೀರು ಸೇರುತ್ತಿದೆ ಅಂತ. ಎಲ್ಲವನ್ನೂ ಕಾಗದದಲ್ಲಿ ಹಾಕು. ನರ್ಸುಗಳಲ್ಲಿ ಒಂದು ಮಾತಿದೆ: ಬರೆದದ್ದು ನಡೆದದ್ದು, ಬರೆಯದ್ದು ನಡೆದೇ ಇಲ್ಲ.

ಅಮ್ಮನ ಸಹಿ ದಿಂಬಿನ ಕೆಳಗಿದೆ.

ಅಕ್ಕ

*

ಜೂನ್ 1, 1997

ಅಕ್ಕಾ,

ನಾಡಿ ಎಂಬತ್ತನಾಲ್ಕು. ಬಿ.ಪಿ. ನೂರೈವತ್ತು, ತೊಂಬತ್ತು. ಕಾಲಿನಲ್ಲಿ ಗುಳಿ ಬಿತ್ತು, ಹತ್ತು ಎಣಿಸುವಷ್ಟರಲ್ಲಿ ಹೋಯಿತು. ಅಮ್ಮ ಕಾಲು ಎಳೆದುಕೊಂಡು, "ಹಿಟ್ಟು ನೋಡ್ದಂಗೆ ನೋಡ್ತೀಯಲ್ಲ" ಅಂದಳು. ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತದೆ ಅಂತಾಳೆ. ಹೊಲಿಗೆ ಯಂತ್ರದ ಪೆಡಲನ್ನು ಬರಿಗಾಲಿನಲ್ಲೇ ತುಳಿಯುತ್ತಾಳೆ.

ಇದರ ಜೊತೆ ಅವಳ ಸಹಿ ಇದೆ.

ತಂಗಿ

*

ಜೂನ್ 16, 1997

ಮೂಗಿ,

ನಾಳೆಯೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನೆಪ ಹೇಳಿದರೆ ನಾನು ಹೇಳಿದೆ ಅನ್ನು. ಗುಳಿ ಹಾಗೇ ನಿಲ್ಲಲು ಶುರುವಾದರೆ ಒಂದು ಸಾಲು ಬರೆದು ಹಾಕು, ತಂತಿ ಕೊಟ್ಟರೂ ಸರಿ. ನನಗೆ ಮೊಹರೂ ಬೇಡ, ಮಣ್ಣೂ ಬೇಡ. ಮರುದಿನದ ಬಸ್ಸು ಹತ್ತುತ್ತೇನೆ. ಸತ್ಯ ಬರೆಯುತ್ತೀ ತಾನೇ? ನೀನು ಬರೆಯುತ್ತೀ ಅನ್ನುವ ಧೈರ್ಯದ ಮೇಲೇ ಇಲ್ಲಿ ಓದಲು ಕೂರುತ್ತಿದ್ದೇನೆ.

ಅಕ್ಕ

*

ಜುಲೈ 1, 1997 (ಇದನ್ನು ಅಂಚೆಗೆ ಹಾಕುವುದಿಲ್ಲ)

ಅಕ್ಕಾ,

ಹೃದಯ ಸೋತಿದೆಯಂತೆ. ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು ಮಾತ್ರೆ ಬರೆದು ಕಳಿಸಿದರು. ಎಷ್ಟು ದಿನ ಅಂದೆ. ಡಾಕ್ಟರು ನನ್ನನ್ನು ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿ, ಜೋಪಾನ ಮಾಡಿದರೆ ಕೆಲವು ತಿಂಗಳು ಅಂದರು. ಗುಳಿ ಈಗ ನಿಲ್ಲುತ್ತದೆ. ಅರವತ್ತು ಎಣಿಸಿದರೂ ಅಲ್ಲೇ ಇರುತ್ತದೆ, ಮಣ್ಣಿನ ಮೇಲೆ ಬೆರಳೂರಿದ ಹಾಗೆ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಒಂದು ಸಾಲು ಬಿಟ್ಟು ಓದುವ ಜಾಣತನ ನನಗಿಲ್ಲ. ಮರುದಿನದ ಬಸ್ಸು ಅನ್ನುವುದನ್ನು ಕೇಳಿ ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಬರಿ ಅಂದಳು. ಏನಂತ ಅಂದೆ.

"ಗುಳಿ ಇಲ್ಲ ಅಂತ."

"ಅಮ್ಮಾ, ಅದು ಸುಳ್ಳು."

"ಇಷ್ಟು ವರ್ಷ ಕಥೆ ಪುಸ್ತಕ ಓದಿ ಓದಿ ಕಣ್ಣು ಕೆಡಿಸ್ಕೊಂಡ್ಯಲ್ಲ, ಈಗ ಒಂದು ಬರಿ ನೋಡೋಣ."

ನಾನು ಅತ್ತೆ. ಅವಳು ಅಳಲಿಲ್ಲ. ಅರ್ಧ ಹೊಲಿದ ಬಟ್ಟೆ ಬಿಚ್ಚಿದರೆ ಸೂಜಿಯ ತೂತು ಹಾಗೇ ಉಳಿಯುತ್ತದೆ, ಆ ಬಟ್ಟೆ ಮತ್ತೆ ಯಾವುದಕ್ಕೂ ಬರಲ್ಲ ಅಂದಳು. ನಿನ್ನ ಮೊಹರು ಬೀಳುವವರೆಗೆ ತಡೆದುಕೊಳ್ಳುತ್ತಾಳಂತೆ, ಹೃದಯಕ್ಕೆ ಹೇಳಿದ್ದಾಳಂತೆ. ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

*

ಜುಲೈ 2, 1997

ಅಕ್ಕಾ,

ಡಾಕ್ಟರಿಗೆ ತೋರಿಸಿದೆವು. ಹೆಚ್ಚು ಹೊತ್ತು ಕೂತು ಹೊಲಿಯುವುದರಿಂದ ಕಾಲು ಊದಿತ್ತಂತೆ, ಮಾತ್ರೆ ಕೊಟ್ಟಿದ್ದಾರೆ. ನಾಡಿ ಎಪ್ಪತ್ತೆರಡು. ಬಿ.ಪಿ. ನೂರಮೂವತ್ತು, ಎಂಬತ್ತು. ಗುಳಿ ಇಲ್ಲ. ಚೆನ್ನಾಗಿ ಓದು.

ತಂಗಿ

*

ಜುಲೈ 24, 1997

ಮೂಗಿ, ಅಮ್ಮಾ,

ಪಾಸು! ನಲವತ್ತು ಜನರಲ್ಲಿ ಹದಿನಾಲ್ಕು. ಮಾತಿನ ಪರೀಕ್ಷೆಯಲ್ಲಿ, ನೋವಿನಲ್ಲಿರುವ ರೋಗಿಗೆ ಏನು ಹೇಳುತ್ತೀ ಅಂತ ಕೇಳಿದರು. ಏಳನೇ ಹಾಸಿಗೆಯ ಅಜ್ಜ ತನ್ನ ಮಗಳಿಗೆ ಹೇಳುವ ಮಾತನ್ನೇ ಹೇಳಿದೆ. ಪರೀಕ್ಷಕಿ ಕನ್ನಡಕ ತೆಗೆದು ನೋಡಿದಳು. ಸರ್ಟಿಫಿಕೇಟು, ಪಾಸ್‌ಪೋರ್ಟು ಎಲ್ಲ ಸಚಿವಾಲಯಕ್ಕೆ ಹೋಗಿವೆ. ಇನ್ನು ಮೊಹರು ಮಾತ್ರ. ಅಮ್ಮನ ಕಾಲು ಸರಿಹೋಯಿತು ಅಂದಮೇಲೆ ನನಗೆ ನಿದ್ದೆ ಹತ್ತುತ್ತಿದೆ.

ಹದಿನಾಲ್ಕು ಜನರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದೇ ಕಿತ್ತಳೆ ಹಂಚಿಕೊಂಡೆವು.

ಅಕ್ಕ

*

ಆಗಸ್ಟ್ 8, 1997

ಅಕ್ಕಾ,

ನಾಡಿ ಎಪ್ಪತ್ತೆರಡು. ಬಿ.ಪಿ. ನೂರಮೂವತ್ತು, ಎಂಬತ್ತು. ಗುಳಿ ಇಲ್ಲ.

ಅಮ್ಮ ಹೇಳಿ ಬರೆಸುತ್ತಿದ್ದಾಳೆ, ಒಂದಕ್ಷರ ಬದಲಾಯಿಸಬಾರದಂತೆ: "ಅವಳು ಕೂತು ಊಟ ಮಾಡ್ತಾಳಾ ಕೇಳು. ನಿಂತ್ಕೊಂಡು ತಿನ್ನೋ ಬುದ್ಧಿನ ಆ ದೇಶಕ್ಕೂ ಹೊತ್ಕೊಂಡು ಹೋಗಿದ್ರೆ, ಅದನ್ನ ಮಾತ್ರ ವಾಪಸ್ ಕಳ್ಸಕ್ಕೆ ಹೇಳು. ಅವಳು ಅಲ್ಲೇ ಇರ್ಲಿ."

ಸಹಿ ಇದೆ.

ತಂಗಿ

*

ಆಗಸ್ಟ್ 20, 1997

ಏ ಕಳ್ಳಿ,

ಸಿಕ್ಕಿಬಿದ್ದೆ. ಜುಲೈನಿಂದ ಬಂದ ನಾಲ್ಕು ಕಾಗದದಲ್ಲೂ ನಾಡಿ ಎಪ್ಪತ್ತೆರಡೇ! ಮನುಷ್ಯರ ನಾಡಿ ಹಾಗೆ ಗಡಿಯಾರದಂತೆ ಇರಲ್ಲ ಕಣೇ. ಅಳೆಯದೆ ಕೂತಲ್ಲೇ ಬರೆದ ಚಾರ್ಟನ್ನು ನಾನು ಎಷ್ಟು ನೋಡಿದ್ದೇನೆ, ಎಷ್ಟು ಬರೆದಿದ್ದೇನೆ. ರೋಗಿ ಗುಂಡುಕಲ್ಲಿನಂತಿದ್ದರೆ ಯಾರು ಎಬ್ಬಿಸಿ ಅಳೆಯುತ್ತಾರೆ? ಎಪ್ಪತ್ತೆರಡು ಅಂತ ಬರೆದು ಮುಂದೆ ಹೋಗುವುದು. ಸೀರಿಯಸ್ ಇದ್ದವರ ಚಾರ್ಟನ್ನು ಮಾತ್ರ ಯಾವ ನರ್ಸೂ ಹಾಗೆ ಬರೆಯಲ್ಲ, ಕೈ ಬರಲ್ಲ. ಅದಕ್ಕೇ ನಿನ್ನ ಸೋಮಾರಿತನ ನೋಡಿ ಮನಸ್ಸು ಹಗುರಾಯಿತು. ಅಮ್ಮ ಚೆನ್ನಾಗಿದ್ದಾಳೆ.

ಮೊಹರು ಇನ್ನೂ ಬಿದ್ದಿಲ್ಲ, ಕಚೇರಿಯ ಕೆಲಸ ನಿನಗೇ ಗೊತ್ತಲ್ಲ. ವಾರದ ಹಿಂದೆ ನನ್ನನ್ನು ವೃದ್ಧರ ವಿಭಾಗಕ್ಕೆ ಹಾಕಿದರು, ಹಾಸ್ಟೆಲೂ ಬದಲಾಯಿತು. ಹೊಸ ವಿಳಾಸ ಹಿಂದೆ ಬರೆದಿದ್ದೇನೆ. ಅಮ್ಮ ಹೊಲಿದ ಬಿಳಿ ಯೂನಿಫಾರ್ಮನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಇಲ್ಲಿ ನೆಲ ಒರೆಸುವವರು ರಜೆಯಲ್ಲಿದ್ದಾರೆ, ನಾವೇ ಒರೆಸಬೇಕು. ಬಿಳಿ ಬಟ್ಟೆ ಹಾಳಾಗಬಾರದು.

ಅಮ್ಮನಿಗೆ ಹೇಳು: ಇವತ್ತು ಕೂತು ಊಟ ಮಾಡಿದೆ. ಅವಳ ಆ ಮಾತನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಅಕ್ಕ

*

ಸೆಪ್ಟೆಂಬರ್ 4, 1997 (ಅಂಚೆಗೆ ಹಾಕುವುದಿಲ್ಲ)

ಅಕ್ಕಾ,

ಅಮ್ಮ ಮೊನ್ನೆ ಹೋದಳು. ಸೆಪ್ಟೆಂಬರ್ ಎರಡು, ಮಂಗಳವಾರ, ಮಧ್ಯಾಹ್ನ ಎರಡೂವರೆ.

ಎದುರುಮನೆ ಅತ್ತೆ ಅಂಗಡಿಗೆ ಓಡಿಬಂದರು. ಅವರ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಮುಖಕ್ಕಿಂತ ಮೊದಲು ನಾನು ಅದನ್ನು ನೋಡಿದೆ, ಅಷ್ಟರಲ್ಲೇ ಗೊತ್ತಾಯಿತು. ಅಮ್ಮ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿದ್ದಳು. ಯಾರದೋ ದಿಂಬಿನ ಚೀಲ, ಮೂರು ಬದಿ ಹೊಲಿದಾಗಿತ್ತು. ಅತ್ತೆ ನೀರು ತರಲು ಒಳಗೆ ಹೋದಾಗ ನಾನು ಅಮ್ಮನ ಕಾಲಿನ ಗಂಟಿನ ಹತ್ತಿರ ಹೆಬ್ಬೆರಳಿಟ್ಟು ಒತ್ತಿದೆ. ಯಾಕೆ ಅಂತ ಕೇಳಬೇಡ. ಅಭ್ಯಾಸವಾಗಿತ್ತು. ಎಣಿಸುತ್ತಾ ಕೂತೆ. ಗುಳಿ ಏಳಲಿಲ್ಲ. ಎಷ್ಟಕ್ಕೆ ಎಣಿಸುವುದನ್ನು ನಿಲ್ಲಿಸಿದೆನೋ ಗೊತ್ತಿಲ್ಲ.

ಮರುದಿನ, ಎಲ್ಲ ಮುಗಿಸಿ ಬಂದಾಗ, ನಿನ್ನ ಕಾಗದ ಬಾಗಿಲಿನ ಸಂದಿಯಲ್ಲಿತ್ತು. ಕಳ್ಳಿ ಅಂತ ಶುರುವಾಗಿತ್ತು. ಸೀರಿಯಸ್ ಇದ್ದವರ ಚಾರ್ಟನ್ನು ಯಾವ ನರ್ಸೂ ಹಾಗೆ ಬರೆಯಲ್ಲ ಅಂದಿದ್ದೀಯ. ನಾನು ನರ್ಸಲ್ಲ ಅಕ್ಕಾ. ಬೇರೆ ಬೇರೆ ಅಂಕಿ ಹಾಕಬೇಕು ಅಂತ ನನಗೆ ತೋಚಲಿಲ್ಲ. ಸುಳ್ಳನ್ನೂ ಕೆಟ್ಟದಾಗಿ ಬರೆದೆ, ಆ ಕೆಟ್ಟತನವನ್ನೇ ನೀನು ಒಳ್ಳೆಯ ಸುದ್ದಿ ಅಂದುಕೊಂಡೆ.

ಗುಂಡಿಯ ಡಬ್ಬಿ ತೆಗೆದೆ. ಒಳಗೆ, ಗುಂಡಿಗಳ ಮೇಲೆ, ಬಿಳಿ ಬಟ್ಟೆಯ ತುಂಡುಗಳು ಒಂದರ ಮೇಲೊಂದು. ಒಂದೊಂದರಲ್ಲೂ ನೀಲಿ ದಾರದ ಹನ್ನೆರಡು ಹೊಲಿಗೆ. ಒಂಬತ್ತು ಇವೆ. ನನಗೆ ಹೇಳದೆ ಮುಂಚಿತವಾಗಿ ಹೊಲಿದಿಟ್ಟಿದ್ದಾಳೆ. ಕೊನೆಕೊನೆಯವು ಸ್ವಲ್ಪ ಓರೆ.

ನಿನಗೆ ಈಗ ಬರೆದರೆ ನೀನು ಪಾಸ್‌ಪೋರ್ಟು ವಾಪಸ್ ಕೇಳಿ ಬಸ್ಸು ಹತ್ತುತ್ತೀ. ಅಮ್ಮನೂ ಇಲ್ಲ, ಮೊಹರೂ ಇಲ್ಲ ಅಂತಾಗುತ್ತದೆ. ಒಂದಾದರೂ ಉಳಿಯಲಿ.

*

ಸೆಪ್ಟೆಂಬರ್ 9, 1997

ಅಕ್ಕಾ,

ನೀನು ಬೈದ ಮೇಲೆ ಸರಿಯಾಗಿ ಅಳೆಯುತ್ತಿದ್ದೇನೆ. ಮೂರು ದಿನದ ನಾಡಿ: ಎಪ್ಪತ್ತನಾಲ್ಕು, ಎಪ್ಪತ್ತು, ಎಪ್ಪತ್ತಾರು. ಬಿ.ಪಿ. ನೂರಮೂವತ್ತೆರಡು, ಎಂಬತ್ತು. ಗುಳಿ ಇಲ್ಲ. ಕೂತು ಊಟ ಮಾಡಿದ ವಿಷಯ ಅಮ್ಮನ ಮುಂದೆ ಹೇಳಿದೆ.

ಸಹಿ ಇದೆ.

ತಂಗಿ

*

ಸೆಪ್ಟೆಂಬರ್ 22, 1997

ನನ್ನ ಮೂಗಿ,

ಈಗ ಬಂದೆಯಲ್ಲ ದಾರಿಗೆ. ಈ ಅಂಕಿಗಳಲ್ಲಿ ಅಮ್ಮ ಉಸಿರಾಡುವುದು ಕೇಳಿಸುತ್ತದೆ. ಎಪ್ಪತ್ತಾರು ಬಂದ ದಿನ ಮೆಟ್ಟಿಲು ಹತ್ತಿ ಬಂದಿರಬೇಕು, ಅಲ್ಲವಾ? ಐದು ನಿಮಿಷ ಕೂರಿಸಿ ಆಮೇಲೆ ಹಿಡಿ.

ಮೊಹರು ಆಗುತ್ತದೆ. ಡಿಸೆಂಬರಿಗೆ ಆಗಬಹುದು. ಆದ ತಕ್ಷಣ ಹೇಳದೆ ಕೇಳದೆ ಬಂದು ಬಾಗಿಲು ತಟ್ಟುತ್ತೇನೆ. ಸೋಪಿನ ನೀರಿಗೆ ಕೈ ಒಡೆದಿದೆ, ಅಷ್ಟೇ. ಅಕ್ಷರ ಓರೆಯಾದದ್ದು ಅದಕ್ಕೆ. ಅಮ್ಮನಿಗೆ ಹೇಳಬೇಡ. ಅವಳ ಹೊಲಿಗೆಯೂ ಈ ಸಲ ಓರೆ ಬಿದ್ದಿದೆ, ಕನ್ನಡಕ ಬದಲಾಯಿಸಿಕೊಡು.

ಮೂಗಿ, ಒಂದು ಮಾತು. ಯಾವತ್ತಾದರೂ ನಾನು ಮೊಹರಿಲ್ಲದೆ ಬಂದರೆ ಅಮ್ಮನಿಗೆ ಬೇಜಾರಾಗುತ್ತಾ? ಸುಮ್ಮನೆ ಕೇಳಿದೆ. ಉತ್ತರ ಬೇಡ.

ಅಕ್ಕ

*

ಅಕ್ಟೋಬರ್ 6, 1997 (ಅಂಚೆಗೆ ಹಾಕುವುದಿಲ್ಲ)

ಅಕ್ಕಾ,

ಇವತ್ತು ಬೆಳಿಗ್ಗೆ ವೀಸಾ ಕಚೇರಿಯಿಂದ ಕಟ್ಟುಗಳು ಬಂದವು, ಹದಿನೇಳು. ಹೆಸರು ಬರೆಯುತ್ತಾ ಹೋದೆ. ಹನ್ನೊಂದನೆಯದು ನಿನ್ನದು.

ಮೊದಲು ಅದೇ ಹೆಸರಿನ ಬೇರೆ ಯಾರೋ ಅಂದುಕೊಂಡೆ. ದಾರ ಬಿಚ್ಚಿದರೆ ನಿನ್ನ ಫೋಟೋ, ಎರಡೂ ಕಿವಿ. ಅರ್ಜಿಯ ಮೇಲೆ ಕೆಂಪು ಮೊಹರು ಬಿದ್ದಿತ್ತು. ತಿರಸ್ಕೃತ. ವಿದೇಶಿ ನರ್ಸುಗಳ ಸಂಖ್ಯೆ ಭರ್ತಿಯಾಗಿದೆಯಂತೆ. ನಿನ್ನ ತಪ್ಪೇನೂ ಇಲ್ಲ, ಯಾರ ತಪ್ಪೂ ಇಲ್ಲ. ಅದರ ಕೆಳಗೆ, ಪಾಸ್‌ಪೋರ್ಟನ್ನು ಅರ್ಜಿದಾರಳ ಕೈಗೆ ಹಿಂತಿರುಗಿಸಿದೆ ಅಂತ, ಆಗಸ್ಟ್ 11. ಪಕ್ಕದಲ್ಲಿ ನಿನ್ನ ಸಹಿ. ಅದರ ಬಾಲ ಕಾಗದದ ಅಂಚಿನವರೆಗೂ ಹೋಗಿದೆ.

ಯಜಮಾನರು ಮೇಜಿನ ಆಚೆಯಿಂದ ನೋಡಿ, ನಿಮ್ಮ ಅಕ್ಕನದಲ್ಲವೇನಮ್ಮ ಅಂತ ಕೇಳಿ ನೀರು ಕೊಟ್ಟರು. ಉಳಿದ ಆರನ್ನೂ ಬರೆದೇ ಎದ್ದೆ.

ಆಗಸ್ಟ್ ಹನ್ನೊಂದರಿಂದ ಸೆಪ್ಟೆಂಬರ್ ಎರಡು. ಇಪ್ಪತ್ತೆರಡು ದಿನ ನಿನ್ನ ಪಾಸ್‌ಪೋರ್ಟು ನಿನ್ನ ಕೈಯಲ್ಲೇ ಇತ್ತು. ಕಾಪಾಡಲು ಯಾವ ಫೈಲೂ ಇರಲಿಲ್ಲ. ಹತ್ತೊಂಬತ್ತು ಗಂಟೆಯ ದಾರಿ. ನಾನು ಒಂದೇ ಒಂದು ನಿಜವಾದ ಅಂಕಿ ಬರೆದಿದ್ದರೆ ನೀನು ಬರುತ್ತಿದ್ದೆ. ನೀನು ಒಂದೇ ಒಂದು ಸಾಲು ಬರೆದಿದ್ದರೆ ನಾನು ಬಾ ಅನ್ನುತ್ತಿದ್ದೆ. ಅಮ್ಮ ಬೀಳದ ಮೊಹರಿಗಾಗಿ ತಡೆದುಕೊಂಡಿದ್ದಳು. ನೀನು ಅವಳು ಹೊಲಿದ ಬಟ್ಟೆ ಮಡಚಿಟ್ಟು ಯಾರದೋ ನೆಲ ಒರೆಸುತ್ತಿದ್ದೆ.

ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ, ಅಮ್ಮ ಹೋದದ್ದನ್ನು ಬರೆಯಲೇಬೇಕು. ನೀನು ಮೊದಲು ಕೇಳುವುದು ಯಾವತ್ತು ಅಂತ. ನರ್ಸುಗಳೆಲ್ಲ ಹಾಗೇ, ತಾರೀಕು, ಹೊತ್ತು. ತಾರೀಕು ಕೇಳಿದ ಮೇಲೆ ನೀನು ಲೆಕ್ಕ ಹಾಕುತ್ತೀ. ಹನ್ನೊಂದರಿಂದ ಎರಡು. ಜೀವನವಿಡೀ ಅದನ್ನೇ ಎಣಿಸುತ್ತಾ ಕೂರುತ್ತೀ, ನಾನು ಗುಳಿ ಎಣಿಸಿದ ಹಾಗೆ.

ಸಂಜೆ ಎದುರುಮನೆ ಅತ್ತೆಯ ಹತ್ತಿರ ಹೋಗಿ ಕೂತೆ. ಅವರ ಮುಂದೆ ಎಲ್ಲ ಹೇಳಿದೆ, ಒಂದು ಸಹಾಯ ಕೇಳಿದೆ. ಇಷ್ಟು ಮಾತನ್ನು ನಾನು ಯಾರ ಹತ್ತಿರವೂ ಆಡಿದ್ದಿಲ್ಲ. ಅವರು ಒಲೆ ಆರಿಸಿ ಬಂದು ನನ್ನ ಪಕ್ಕ ಕೂತರು. ಆಮೇಲೆ, "ನಂಗೆ ತಾರೀಕು ಎಲ್ಲಿ ನೆನಪಿರುತ್ತಮ್ಮ? ನೀನು ಹೇಳಿದ್ದೇ ತಾರೀಕು" ಅಂದರು. ಮರಣದ ದಾಖಲೆಯನ್ನು ಅವರ ಬೀರುವಿನಲ್ಲಿ ಇಟ್ಟು ಬಂದೆ. ಗುಲಾಬಿ ದಾರದ ಕಟ್ಟನ್ನೂ.

ಒಂದೇ ಸಂಕಟ. ಕೂತು ಊಟ ಮಾಡು ಅಂತ ಅಮ್ಮ ಹೇಳಿ ಬರೆಸಿದ್ದು ಆಗಸ್ಟ್ ಎಂಟಕ್ಕೆ. ಅವಳು ನಿನಗೆ ಕಳಿಸಿದ ಕೊನೆಯ ಮಾತು ಅದು. ನಾನು ಬರೆದುದರಲ್ಲೆಲ್ಲ ನಿಜವಾಗಿದ್ದದ್ದು ಅದೊಂದೇ. ಅದನ್ನು ನಿನ್ನಿಂದ ಕಿತ್ತುಕೊಳ್ಳಬೇಕು. ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ: ಒಂಬತ್ತು, ಹತ್ತು ಅಂದರೆ, ಎರಡು ದಿನ ತಡೆದಿದ್ದರೆ ಮುಖವಾದರೂ ನೋಡುತ್ತಿದ್ದೆ ಅಂತ ನೀನು ಕೊರಗುತ್ತೀ.

*

ಅಕ್ಟೋಬರ್ 7, 1997

ಅಕ್ಕಾ,

ಕೂತುಕೊಂಡು ಓದು.

ಅಮ್ಮ ಇಲ್ಲ. ಆಗಸ್ಟ್ ಆರನೇ ತಾರೀಕು, ಬುಧವಾರ, ಮಧ್ಯಾಹ್ನ ಎರಡೂವರೆಗೆ ಹೋದಳು. ಹೊಲಿಯುತ್ತಿದ್ದ ಹಾಗೇ, ಯಂತ್ರದ ಮೇಲೆ ತಲೆಯಿಟ್ಟು. ಜುಲೈನಿಂದಲೇ ಗುಳಿ ನಿಲ್ಲುತ್ತಿತ್ತು. ನಿನ್ನ ಫೈಲು ಸಚಿವಾಲಯದಲ್ಲಿದ್ದ ಸಮಯ ಅದು, ಪಾಸ್‌ಪೋರ್ಟು ನಿನ್ನ ಕೈಯಲ್ಲಿರಲಿಲ್ಲ. ಬಯಸಿದರೂ ನಿನಗೆ ಬರಲಾಗುತ್ತಿರಲಿಲ್ಲ. ಇದನ್ನು ಎರಡು ಸಲ ಓದಿಕೋ.

ಜುಲೈ ಎರಡರಿಂದ ನಾನು ಕಳಿಸಿದ ಅಂಕಿಗಳೆಲ್ಲ ಸುಳ್ಳು. ಹೇಳುವ ಧೈರ್ಯ ಬರಲಿಲ್ಲ. ಕೂತು ಊಟ ಮಾಡು ಅಂದದ್ದೂ ಅಮ್ಮನಲ್ಲ, ನಾನು ಕಟ್ಟಿದ್ದು. ಅವಳ ದನಿ ನನಗೆ ಬಾಯಿಪಾಠ. ಗೋಡೆಯಿಂದ ಅದನ್ನು ತೆಗೆದುಬಿಡು. ಸಹಿಗಳು ಮಾತ್ರ ಅವಳವೇ. ಮುಂಚಿತವಾಗಿ ಹೊಲಿದಿಟ್ಟಿದ್ದಳು. ಉಳಿದ ಎಂಟನ್ನೂ ಇದರಲ್ಲಿ ಇಟ್ಟಿದ್ದೇನೆ.

ಎರಡು ತಿಂಗಳು ನಿನ್ನಿಂದ ಅಮ್ಮನನ್ನು ಬಚ್ಚಿಟ್ಟವಳು ನಾನು. ಬೈಯುವುದಿದ್ದರೆ ನನಗೆ ಬೈ. ಮಾತು ಬಿಟ್ಟರೂ ಸರಿ.

ನೀನು ಉತ್ತರ ಬೇಡ ಅಂದ ಪ್ರಶ್ನೆಗೆ ಉತ್ತರ: ಇಲ್ಲ, ಬೇಜಾರಾಗುತ್ತಿರಲಿಲ್ಲ. ಮೊಹರು ಬೀಳಲಿ ಬಿಡಲಿ, ಬಾ. ಯಾಕೆ, ಏನು ಅಂತ ನಾನು ಕೇಳುವುದಿಲ್ಲ. ನಾನು ಮೂಗಿಯಲ್ಲವಾ.

ನೀನು ಹೇಳಿಕೊಟ್ಟ ಹಾಗೆ ಚಾರ್ಟ್ ಪೂರ್ತಿ ಮಾಡುತ್ತಿದ್ದೇನೆ, ಇನ್ನು ಮುಂದೆ ನಮ್ಮ ಮನೆಯಲ್ಲಿ ಇದೇ ಇರಲಿ:

ಆಗಸ್ಟ್ 6. ಮಧ್ಯಾಹ್ನ ಎರಡೂವರೆ. ನಾಡಿ ಇಲ್ಲ.

ನಿನ್ನ ತಂಗಿ